ಮಣಿಕಟ್ಟಿನ ಕೃತಕ ಕೀಲು ಸಡಿಲವಾಗುವುದು ಅಂಗೈ ಕಡೆಯಿಂದ

ಮೈಭಾರವೆಲ್ಲ ಹೊರುವ ಮಂಡಿಯನ್ನೇ ಬದಲಿಸುತ್ತಾರಂತೆ, ಇನ್ನು ಮಣಿಕಟ್ಟು ಯಾವ ಲೆಕ್ಕ ಎನ್ನುವವರು ಬಹಳ. ಲೆಕ್ಕ ತಿರುಗುಮುರುಗು. ಮಂಡಿಯಲ್ಲಿ ಲೋಹ ಕೂರಿಸಲು ಎರಡು ದಪ್ಪ ಮೂಳೆಗಳಿವೆ. ಮಣಿಕಟ್ಟಿನಲ್ಲಿ ಮುಂಗೈ ಕಡೆ ಹೆಬ್ಬೆರಳ ಬದಿಯ ಉದ್ದ ಮೂಳೆ ರೇಡಿಯಸ್ ಸಿಗುತ್ತದೆ, ಅಂಗೈ ಕಡೆ ಸಿಗುವುದು ಪುಟ್ಟ ಮೂಳೆಗಳ ಗುಂಪು. ಕೃತಕ ಕೀಲುಗಳು ಹೆಚ್ಚಾಗಿ ಸೋತಿರುವುದು ಅಲ್ಲೇ.

1890ರಲ್ಲಿ ಬರ್ಲಿನ್ನಿನ ಶಸ್ತ್ರವೈದ್ಯ ಥೆಮಿಸ್ಟೊಕ್ಲಿಸ್ ಗ್ಲುಕ್ ಕ್ಷಯ ತಗುಲಿದ ಮಣಿಕಟ್ಟಿಗೆ ಆನೆದಂತದ ಕೀಲು ಹಾಕಿದ. ಕೈ ಆಡಿತು, ಕೀವು ಮಾತ್ರ ನಿಲ್ಲಲಿಲ್ಲ. 1960ರ ದಶಕದಲ್ಲಿ ಬಂದ ಅಮೆರಿಕದ ವೈದ್ಯ ಸ್ವಾನ್ಸನ್‌ನ ಸಿಲಿಕೋನ್ ಕೀಲು ಎಷ್ಟೋ ಕೈಗಳಲ್ಲಿ ಮುರಿಯಿತು; ಅದರಿಂದ ಸವೆದ ಕಣಗಳು ಸುತ್ತಲ ಅಂಗಾಂಶವನ್ನು ಕೆರಳಿಸಿದವು.

1970ರ ದಶಕದ ಮ್ಯೂಲಿ, ವೋಲ್ಟ್ಸ್ ಎಂಬ ವೈದ್ಯರ ವಿನ್ಯಾಸಗಳು ಲೋಹ ಮತ್ತು ಪಾಲಿಎಥಿಲೀನ್ ಪ್ಲಾಸ್ಟಿಕ್‌ನವು. ಅವುಗಳ ಕಾಂಡ, ಅಂದರೆ ಕೀಲಿನ ಉದ್ದ ಕಡ್ಡಿ, ಅಂಗೈ ಮೂಳೆಯೊಳಗೆ ಇಳಿಯುತ್ತಿತ್ತು. ನಮ್ಮ ಮಣಿಕಟ್ಟು ತಿರುಗುವ ಕೇಂದ್ರ ಹೆಚ್ಚುಕಡಿಮೆ ಆ ಪುಟ್ಟ ಮೂಳೆಗಳ ನಡುವಿನ ಕ್ಯಾಪಿಟೇಟ್ ಮೂಳೆಯ ತಲೆಯಲ್ಲಿದೆ. ಕೃತಕ ಕೀಲಿನ ಕೇಂದ್ರ ಕೆಲವೇ ಮಿಲಿಮೀಟರ್ ಹೆಬ್ಬೆರಳಿನತ್ತ ಸರಿದರೂ ಕಿರುಬೆರಳ ಬದಿಯ ಸ್ನಾಯುರಜ್ಜುಗಳಿಗೆ ಸನ್ನೆಕೋಲಿನ ಉದ್ದ ಹೆಚ್ಚುತ್ತದೆ, ಕೈ ಅತ್ತಲೇ ವಾಲುತ್ತದೆ. ವಾಲಿದಂತೆಲ್ಲ ಕಾಂಡದ ತುದಿ ಮೂಳೆಯ ಗೋಡೆಗೆ ಒತ್ತುತ್ತದೆ. ದನ ಜಗ್ಗಿದ ಗೂಟದ ಹಾಗೆ ಗುಳಿ ದೊಡ್ಡದಾಗುತ್ತ ಹೋಗಿ, ಕೆಲವು ಕೈಗಳಲ್ಲಿ ತುದಿ ಮೂಳೆ ಕೊರೆದು ಹೊರಬಂದದ್ದೂ ಉಂಟು.

ಶಸ್ತ್ರವೈದ್ಯ ಮೆನನ್ ರೂಪಿಸಿದ ಯೂನಿವರ್ಸಲ್ ಕೀಲು ಉದ್ದ ಕಾಂಡವನ್ನೇ ಕೈಬಿಟ್ಟಿತು. ಪುಟ್ಟ ಮೂಳೆಗಳ ಎರಡು ಸಾಲುಗಳಲ್ಲಿ ಮುಂಗೈ ಕಡೆಯ ಮೊದಲ ಸಾಲನ್ನು ತೆಗೆದು, ಎರಡನೇ ಸಾಲಿನ ತಲೆ ಸಮವಾಗಿ ಕೊಯ್ದು, ಅದರ ಮೇಲೆ ಲೋಹದ ತಟ್ಟೆ ಕೂರಿಸುತ್ತಾರೆ. ತಟ್ಟೆಯ ನಡುಭಾಗ ಕ್ಯಾಪಿಟೇಟ್‌ಗೆ, ಅಕ್ಕಪಕ್ಕ ಒಂದೊಂದು ಸ್ಕ್ರೂ. ತೆಗೆದ ಮೂಳೆಯ ಚೂರುಗಳನ್ನು ಸಂದುಗಳಿಗೆ ತುಂಬಿ ಉಳಿದವನ್ನು ಒಂದೇ ಗಟ್ಟಿಯಾಗಿ ಬೆಸೆಯುತ್ತಾರೆ. ಈ ಬೆಸುಗೆ ಕೂಡದಿದ್ದರೆ ತಟ್ಟೆಯೂ ಸಡಿಲ.

ಸ್ಕ್ರೂಗಳ ವಿಷಯ ಸೊಗಸಾಗಿದೆ. ಹೆಬ್ಬೆರಳ ಬದಿಯದು ಎರಡನೇ ಸಾಲಿನ ಟ್ರಪಿಜಾಯ್ಡ್ ಮೂಳೆ ದಾಟಿ ತೋರುಬೆರಳಿನ ಅಂಗೈ ಮೂಳೆಗೆ ಹೋಗಬಹುದು, ಆ ಸಂದು ಅಲುಗುವುದೇ ಕಡಿಮೆ. ಕಿರುಬೆರಳ ಬದಿಯದು ಅದೇ ಸಾಲಿನ ಹ್ಯಾಮೇಟ್ ಮೂಳೆಯೊಳಗೇ ನಿಲ್ಲಬೇಕು. ಮುಷ್ಟಿ ಹಿಡಿದಾಗ ಅದರಾಚೆಯ ಸಂದು ಬಾಗುತ್ತದೆ. ಸ್ಕ್ರೂ ಆ ಸಂದು ದಾಟಿದರೆ ಪ್ರತಿ ಹಿಡಿತವೂ ಸ್ಕ್ರೂವನ್ನು ಅಲುಗಾಡಿಸುತ್ತದೆ.

ಮೊದಲ ಯೂನಿವರ್ಸಲ್‌ನಲ್ಲಿ ಕೀಲು ಜಾರುವ ತೊಂದರೆಯಿತ್ತು. ಯೂನಿವರ್ಸಲ್ 2ರಲ್ಲಿ ಮೇಲ್ಮೈಯನ್ನು ಅಗಲದ ಅಂಡಾಕಾರಕ್ಕೆ ಬದಲಿಸಿದರು.

ಇಷ್ಟಾದರೂ ಈ ಕೈಯಲ್ಲಿ ಸಾಮಾನ್ಯವಾಗಿ ನಾಲ್ಕೈದು ಕಿಲೊಗಿಂತ ಹೆಚ್ಚು ಎತ್ತಬಾರದು ಎನ್ನುತ್ತಾರೆ. ಅಂಗೈ ಊರಿ ಏಳುವುದೂ ಬೇಡ. ಹಾಗಾಗಿ ಇದು ಹೆಚ್ಚಾಗಿ ರುಮಟಾಯ್ಡ್ ಸಂಧಿವಾತದವರಿಗೆ, ಕೈಗೆ ಕಡಿಮೆ ಭಾರ ಕೊಡುವವರಿಗೆ ಹೊಂದುತ್ತದೆ. ಗುದ್ದಲಿ, ಸುತ್ತಿಗೆ ಹಿಡಿಯುವ ಕೈಗೆ ಮಣಿಕಟ್ಟನ್ನು ಬೆಸೆದುಬಿಡುವುದೇ ಇಂದಿಗೂ ವಾಸಿ: ಬಾಗದು, ಆದರೆ ನೋವಿಲ್ಲದೆ ಭಾರ ತಡೆಯುತ್ತದೆ.