ಸೊಪ್ಪಿನ ಪರೀಕ್ಷೆಗೆ ಹಸಿರೇ ಅಡ್ಡಿ

ಎಲೆಯಲ್ಲಿ ಹುಳ ತಿಂದ ತೂತಿದ್ದರೆ ಆ ಸೊಪ್ಪಿಗೆ ಔಷಧಿ ಹೊಡೆದಿಲ್ಲ ಅಂತ ನಂಬುವವರು ಜಾಸ್ತಿ. ಹುಳ ತಿಂದ ಮೇಲೂ ಔಷಧಿ ಹೊಡೆಯಬಹುದು ಅಲ್ವಾ? ಮೂಸಿ ನೋಡಿ ಹೇಳುವುದೂ ಅಷ್ಟೇ ಪೊಳ್ಳು. ಯುರೋಪಿನ ಒಕ್ಕೂಟದಲ್ಲಿ, ಬೇರೆ ಮಿತಿ ಗೊತ್ತುಮಾಡದ ಕೀಟನಾಶಕ ಒಂದು ಕೆಜಿಯಲ್ಲಿ 0.01 ಮಿಲಿಗ್ರಾಂ ದಾಟುವಂತಿಲ್ಲ. ಅಂದರೆ ಹತ್ತು ಕೋಟಿಯಲ್ಲಿ ಒಂದು ಪಾಲು. ಇದು ಕಣ್ಣಿಗೂ ಸಿಗುವುದಿಲ್ಲ, ಮೂಗಿಗೂ ಸಿಗುವುದಿಲ್ಲ.

ಲ್ಯಾಬಿನ ಯಂತ್ರಕ್ಕೆ ಸಿಗುತ್ತದೆ. ಆದರೆ ಸೊಪ್ಪನ್ನು ಸುಮ್ನೆ ಹಾಗೇ ಯಂತ್ರಕ್ಕೆ ಹಾಕಲು ಬರುವುದಿಲ್ಲ. ಇಲ್ಲಿ ಬಳಸುವ ಉಪಾಯ ನನಗೆ ತುಂಬಾ ಇಷ್ಟ. ವಿಜ್ಞಾನಿಗಳಾದ ಅನಸ್ತಾಸಿಯಾಡಿಸ್, ಲೆಹೊಟೆ ಮತ್ತು ಜೊತೆಗಾರರು 2003ರಲ್ಲಿ ಪ್ರಕಟಿಸಿದ ಈ ವಿಧಾನದ ಹೆಸರು ಕೆಚರ್ಸ್. ಅರೆದ 10 ಗ್ರಾಂ ಸೊಪ್ಪಿಗೆ 10 ಮಿಲಿಲೀಟರ್ ಅಸಿಟೋನೈಟ್ರೈಲ್ ಹಾಕಿ ಜೋರಾಗಿ ಕುಲುಕುತ್ತಾರೆ. ಅದು ನೀರಿನಲ್ಲಿ ಪೂರ್ತಿ ಬೆರೆಯುವ ದ್ರಾವಕ. ಹಾಗಾಗಿ ಎಲೆಯ ನೀರಿನೊಳಕ್ಕೆ ನುಗ್ಗಿ ಕೀಟನಾಶಕವನ್ನು ಎಳೆದುಕೊಳ್ಳುತ್ತದೆ. ಬೆರೆತದ್ದನ್ನು ಮತ್ತೆ ಬೇರೆ ಮಾಡುವುದು ಹೇಗೆ? ಉಪ್ಪು ಹಾಕಿ! ಮೆಗ್ನೀಸಿಯಂ ಸಲ್ಫೇಟ್ ಮತ್ತು ಅಡುಗೆ ಉಪ್ಪು ಬಿದ್ದ ಕೂಡಲೇ ನೀರಿನ ಅಣುಗಳು ಅವುಗಳನ್ನು ಮುತ್ತಿಕೊಳ್ಳುತ್ತವೆ. ದ್ರಾವಕ ಬೇರೆಯಾಗಿ ಮೇಲೆ ನಿಲ್ಲುತ್ತದೆ, ಕೀಟನಾಶಕವೂ ಅದರ ಜೊತೆಗೇ ಬರುತ್ತದೆ.

ಸೊಪ್ಪಿನಲ್ಲಿ ಕಷ್ಟ ಶುರುವಾಗುವುದೇ ಈಗ. ದ್ರಾವಕದ ಜೊತೆ ಎಲೆಗೆ ಹಸಿರು ಬಣ್ಣ ಕೊಡುವ ಕ್ಲೋರೊಫಿಲ್ ಕೂಡ ಬಂದಿರುತ್ತದೆ. ಅದು ಯಂತ್ರವನ್ನು ಕೊಳೆ ಮಾಡುತ್ತದೆ, ಅಳತೆಯನ್ನೂ ಕೆಡಿಸುತ್ತದೆ. ಅದನ್ನು ತೆಗೆಯಲು ಕಾರ್ಬನ್ ಪುಡಿ ಹಾಕುತ್ತಾರೆ. ಕ್ಲೋರೊಫಿಲ್ಲಿನ ಚಪ್ಪಟೆ ಉಂಗುರ ಕಾರ್ಬನ್ನಿನ ಚಪ್ಪಟೆ ಹಾಳೆಗೆ, ತಟ್ಟೆಯ ಮೇಲೆ ತಟ್ಟೆ ಕೂತ ಹಾಗೆ, ಅಂಟಿಕೊಳ್ಳುತ್ತದೆ. ಆದರೆ ಥಯಾಬೆಂಡಜೋಲ್‌ನಂಥ ಕೆಲವು ಔಷಧಿಗಳ ಅಣುವೂ ಚಪ್ಪಟೆಯೇ! ಪುಡಿ ಜಾಸ್ತಿಯಾದರೆ ಹುಡುಕುತ್ತಿರುವ ವಿಷವೇ ಮಾಯ. ಕಡಿಮೆಯಾದರೆ ಹಸಿರು ಉಳಿಯುತ್ತದೆ. ಅದಕ್ಕೇ ಔಷಧಿ ಇಲ್ಲದ ಸೊಪ್ಪಿಗೆ ಗೊತ್ತಿರುವಷ್ಟು ಕೀಟನಾಶಕ ಬೆರೆಸಿ, ಅದು ಎಷ್ಟು ವಾಪಸ್ ಸಿಕ್ಕಿತು ಅಂತ ನೋಡುತ್ತಾರೆ. ಸಾಮಾನ್ಯವಾಗಿ 70ರಿಂದ 120 ಶೇಕಡಾ ಒಳಗೆ ಬಂದರೆ ಆ ವಿಧಾನವನ್ನು ಒಪ್ಪುತ್ತಾರೆ.

ಆಮೇಲೆ ಯಂತ್ರ ಅಣುವಿಗೆ ವಿದ್ಯುತ್ ತುಂಬಿ ತೂಗುತ್ತದೆ, ಒಡೆದು ಚೂರುಗಳನ್ನೂ ತೂಗುತ್ತದೆ. ಒಂದೇ ಸಲಕ್ಕೆ ನೂರಾರು ಕೀಟನಾಶಕಗಳನ್ನು ಹುಡುಕಬಹುದು. ಆದರೂ ವರದಿಯಲ್ಲಿ 'ಪತ್ತೆಯಾಗಿಲ್ಲ' ಅಂತಿದ್ದರೆ, ಯಾವುದನ್ನೆಲ್ಲ ಹುಡುಕಿದ್ದಾರೆ ಎಂಬ ಪಟ್ಟಿಯನ್ನೂ ಓದಲೇಬೇಕು. ಎಲೆರೋಗಕ್ಕೆ ಹೊಡೆಯುವ ಮ್ಯಾಂಕೋಜೆಬ್ ಈ ದ್ರಾವಕದಲ್ಲಿ ಸರಿಯಾಗಿ ಕರಗುವುದೇ ಇಲ್ಲ. ಅದಕ್ಕೆ ಪರೀಕ್ಷೆಯೇ ಬೇರೆ. ಸೊಪ್ಪನ್ನು ಆಮ್ಲದಲ್ಲಿ ಬಿಸಿ ಮಾಡಿ, ಹೊರಬರುವ ಕಾರ್ಬನ್ ಡೈಸಲ್ಫೈಡನ್ನು ಅಳೆಯುತ್ತಾರೆ.