ಬುದೆಲ್ಲಿಯ ಗುಲಾಬಿ ಮರಳು ಬರೋದು ಎಲ್ಲಿಂದ?

ಇಟಲಿಯ ಸಾರ್ಡೀನಿಯಾ ದ್ವೀಪದ ಈಶಾನ್ಯಕ್ಕೆ, ಕಾರ್ಸಿಕಾ ಕಡೆ ಹೋಗುವ ಜಲಸಂಧಿಯಲ್ಲಿ, ಬುದೆಲ್ಲಿ ಅನ್ನುವ ಪುಟ್ಟ ದ್ವೀಪ ಇದೆ. ಜನ ಅತ್ತ ಹೋಗೋದೇ ಅಲ್ಲಿನ ಗುಲಾಬಿ ಬಣ್ಣದ ಮರಳು ನೋಡೋಕೆ. ಆದರೆ ಆ ಮರಳಿನ ಮೇಲೆ ಕಾಲಿಡುವ ಹಾಗಿಲ್ಲ, 1990ರ ದಶಕದಿಂದಲೂ ನಿಷೇಧ. ಅಷ್ಟು ದೂರ ಹೋಗಿ ದೋಣಿಯಿಂದಲೇ ನೋಡಿ ವಾಪಸ್ ಬರಬೇಕಾ ಅಂತ ಬೇಜಾರಾಗುತ್ತೆ, ನಿಜ. ನನಗಂತೂ ಆ ಬಣ್ಣದ ಹಿಂದಿನ ಕಥೆ ತಿಳಿದ ಮೇಲೆ ನಿಷೇಧ ನೂರಕ್ಕೆ ನೂರು ಸರಿ ಅನ್ನಿಸಿದೆ.

ಸುತ್ತಲಿನ ಬಂಡೆ ಗ್ರಾನೈಟ್. ಅದರ ಪುಡಿಯೂ ಮರಳಲ್ಲಿದೆ. ಆದರೆ ಆ ಗುಲಾಬಿ ರಂಗು ಬರೋದು ಮಿನಿಯಾಸಿನಾ ಅನ್ನುವ ಏಕಕೋಶ ಜೀವಿಯಿಂದ. ಇರೋದು ಒಂದೇ ಕೋಶ, ಆದರೂ ಸುಣ್ಣದ ಚಿಪ್ಪು ಕಟ್ಟಿಕೊಂಡು ಕೆಲವು ಮಿಲಿಮೀಟರ್ ಬೆಳೆಯುತ್ತೆ! ಲೆನ್ಸ್ ಹಿಡಿದು ನೋಡಿದರೆ ಕವಲೊಡೆದ ಕೆಂಪು ಹವಳದ ತುಣುಕಿನ ಹಾಗೆ ಕಾಣುತ್ತೆ. ಒಳಗಿನ ಜೀವದ್ರವವನ್ನೇ ಎಳೆ ಎಳೆಯಾಗಿ ಹೊರಚಾಚಿ ನೀರಲ್ಲಿ ತೇಲಿಬರುವ ಆಹಾರ ಹಿಡಿಯುತ್ತೆ. ಸತ್ತ ಮೇಲೆ ಅಲೆಗಳು ಚಿಪ್ಪನ್ನು ಪುಡಿಮಾಡಿ ದಡಕ್ಕೆ ತಂದು ಹಾಕುತ್ತವೆ. ಅದನ್ನು ಜನ ಬಾಟಲಿಗೆ ತುಂಬಿಕೊಂಡು ಹೋಗ್ತಾ ಇದ್ದರು, ಬಟ್ಟೆ ಚಪ್ಪಲಿಗೆ ಅಂಟಿ ಹೋಗಿದ್ದು ಬೇರೆ. ಈಗ ಸಾರ್ಡೀನಿಯಾದ ಯಾವ ಕಡಲತೀರದಿಂದ ಮರಳು ಕದ್ದರೂ 500ರಿಂದ 3000 ಯೂರೋ ದಂಡ.

ಈ ಜೀವಿ ವಾಸ ಮಾಡೋದು ಪೊಸಿಡೋನಿಯಾ ಅನ್ನುವ ಕಡಲಹುಲ್ಲಿನ ಬುಡದ ನೆರಳಲ್ಲಿ. ಪೊಸಿಡೋನಿಯಾ ಪಾಚಿಯಲ್ಲ, ಬೇರು, ಕಾಂಡ, ಎಲೆ, ಹೂವು, ಕಾಯಿ ಎಲ್ಲ ಇರುವ ಗಿಡ. ಈ ಜಾತಿ ಮೆಡಿಟರೇನಿಯನ್ ಬಿಟ್ಟು ಬೇರೆಲ್ಲೂ ಇಲ್ಲ. ಚಳಿಗಾಲದ ಹೊತ್ತಿಗೆ ಉದುರಿದ ಎಲೆಗಳು ದಡದಲ್ಲಿ ಕಂದು ರಾಶಿಯಾಗಿ ಬೀಳುತ್ತವೆ, ಒಮ್ಮೊಮ್ಮೆ ಒಂದು ಮೀಟರಿಗಿಂತ ಎತ್ತರಕ್ಕೆ. ವಾಸನೆ ಬರುತ್ತೆ, ಫೋಟೋ ಕೆಡುತ್ತೆ ಅಂತ ಎಷ್ಟೋ ಕಡೆ ಯಂತ್ರ ತಂದು ಎತ್ತಿಸಿಬಿಡ್ತಾರೆ. ಬಿರುಗಾಳಿಯ ಅಲೆ ಮರಳನ್ನು ಕೊರೆದು ಒಯ್ಯದಂತೆ ತಡೆಯೋದು ಇದೇ ರಾಶಿ ಅಲ್ವಾ? ಎತ್ತುವಾಗ ಅದರ ಜೊತೆ ಸಿಕ್ಕಿಕೊಂಡ ಮರಳೂ ಹೋಗುತ್ತೆ.

ಇನ್ನು ಹುಲ್ಲಿಗೆ ಕಾಟ ಕೊಡೋದು ದೋಣಿಗಳ ಲಂಗರು. ಈ ಹುಲ್ಲು ಹರಡೋದು ವರ್ಷಕ್ಕೆ ಕೆಲವೇ ಸೆಂಟಿಮೀಟರ್. 2006ರಲ್ಲಿ ಸ್ಪೇನಿನ ಫೋರ್ಮೆಂತೇರಾ ದ್ವೀಪದ ಹತ್ತಿರ ಸುಮಾರು 8 ಕಿಲೋಮೀಟರ್ ಉದ್ದಕ್ಕೂ ಹಬ್ಬಿದ ಒಂದೇ ಗಿಡ ಪತ್ತೆಯಾಯಿತು. ಸೆಂಟಿಮೀಟರ್ ಲೆಕ್ಕದಲ್ಲಿ ಅಷ್ಟು ದೂರ ಹಬ್ಬೋಕೆ ಎಷ್ಟು ಸಾವಿರ ವರ್ಷ ಹಿಡಿದಿರಬೇಕು ಯೋಚಿಸಿ. ಒಂದು ಲಂಗರು ಎಳೆದ ಗಾಯ ಮುಚ್ಚೋಕೆ ದಶಕಗಳೇ ಬೇಕು. ಮೆಡಿಟರೇನಿಯನ್ ಕಡೆ ದೋಣಿ ಬಾಡಿಗೆಗೆ ಹಿಡಿದರೆ ನೀರಿನ ಬಣ್ಣ ನೋಡಿ: ಕಪ್ಪಗೆ ಕಾಣೋದು ಹುಲ್ಲು, ತಿಳಿನೀಲಿ ಇರೋದು ಬರೀ ಮರಳು. ದೋಣಿ ಕಟ್ಟೋಕೆ ತೇಲುಬುರುಡೆ ಇದ್ದರೆ ಅದಕ್ಕೇ ಕಟ್ಟಿಸಿ, ಇಲ್ಲದಿದ್ದರೆ ಲಂಗರನ್ನು ತಿಳಿನೀಲಿ ಇರುವ ಕಡೆಯೇ ಇಳಿಸಿ ಅಂತ ದೋಣಿಯವರಿಗೆ ಹೇಳಿ.