ತೋಟದ ದಾರಿಗೆ ಬೈಕ್ ನುಗ್ಗಿದರೆ ತಂತಿ ಬೇಡ, ತಡಮೆ ಕಟ್ಟಿ

ಕಾಫಿ ಕೊಯ್ಲು ಮುಗಿದು ತೋಟದಲ್ಲಿ ಆಳುಗಳ ಓಡಾಟ ಕಡಿಮೆಯಾದಾಗ, ವಾರಾಂತ್ಯದಲ್ಲಿ ಡರ್ಟ್ ಬೈಕ್‌ಗಳು ಒಳದಾರಿಗೆ ಇಳಿಯುತ್ತವೆ. ಸಿಟ್ಟಿನಲ್ಲಿ ಮೊದಲು ಹೊಳೆಯುವುದು ದಾರಿಗೆ ಅಡ್ಡ ತಂತಿ ಬಿಗಿಯುವುದು. ದಯವಿಟ್ಟು ಬೇಡ. ಮರದ ನೆರಳಿನಲ್ಲಿ ತಂತಿ ಕಾಣುವುದೇ ಇಲ್ಲ. ಕುತ್ತಿಗೆಗೆ ಸಿಕ್ಕರೆ ಸಾವು. ಬೆಳಗ್ಗೆ ಸ್ಕೂಟರಿನಲ್ಲಿ ಬರುವ ನಿಮ್ಮ ರೈಟರ್‌ಗೂ (ತೋಟದ ಮೇಲ್ವಿಚಾರಕ) ಅದೇ ಗತಿ. ಸವಾರ ಅತಿಕ್ರಮಿಸಿದ್ದ ಎಂಬ ಕಾರಣಕ್ಕೆ ತಂತಿ ಕಟ್ಟಿದವರು ಮೊಕದ್ದಮೆಯಿಂದ ಪಾರಾಗುವುದಿಲ್ಲ.

ಹಿರಿಯರು ಬೇಲಿಯ ಸಂದಿಗೆ ಕಟ್ಟುತ್ತಿದ್ದ ತಡಮೆಯಲ್ಲೇ ಉಪಾಯವಿದೆ: ಆಳು ದಾಟಬೇಕು, ದನ ದಾಟಬಾರದು. ಕಾಲುದಾರಿಯಲ್ಲಿ ಎಡದಿಂದ ಒಂದು, ಬಲದಿಂದ ಒಂದು ಅಡ್ಡಕಂಬಿ ನಿಲ್ಲಿಸಿ. ಎರಡೂ ದಾರಿಯ ನಡುವನ್ನು ದಾಟಿ ಬರಲಿ, ಅವುಗಳ ನಡುವೆ ಸುಮಾರು 90 ಸೆಂ.ಮೀ. ಬಿಡಿ. ಮೂಟೆ ಹೊತ್ತವರು ಬಳಸಿ ಹೋಗುತ್ತಾರೆ. ಎರಡು ಮೀಟರ್ ಉದ್ದದ ಬೈಕ್ ಅಲ್ಲಿ ತಿರುಗದು. ಮೊಣಕಾಲಿನ ಮಟ್ಟದಲ್ಲಿ ಒಂದೇ ಕಂಬಿಯಿದ್ದರೆ ಇಬ್ಬರು ಸೇರಿ ಬೈಕ್ ಎತ್ತಿ ದಾಟಿಸುತ್ತಾರೆ. ಸೊಂಟದ ಮಟ್ಟದಲ್ಲೂ ಒಂದಿರಲಿ.

ಜೀಪ್ ದಾರಿಗೆ ಗೇಟೇ ಬೇಕು. ಮೂರು ಇಂಚಿನ ಜಿಐ (ಸತು ಲೇಪಿತ ಕಬ್ಬಿಣ) ಪೈಪನ್ನು ಎರಡೂವರೆ ಅಡಿ ಆಳಕ್ಕೆ ಕಾಂಕ್ರೀಟಿನಲ್ಲಿ ನಿಲ್ಲಿಸಿ. ಕೆಳಗಿನ ತಿರುಗಣೆಯ ಮೊಳೆ ಮೇಲ್ಮುಖವಾಗಿರಲಿ, ಮೇಲಿನದು ಕೆಳಮುಖವಾಗಿರಲಿ. ಎರಡೂ ಮೇಲ್ಮುಖವಾದರೆ ಬೀಗ ಹಾಕಿದ್ದರೂ ಗೇಟನ್ನೇ ಎತ್ತಿ ಇಡುತ್ತಾರೆ. ತಿರುವಿನ ಮರೆಯಲ್ಲಿ, ಇಳಿಜಾರಿನ ಬುಡದಲ್ಲಿ ಗೇಟ್ ಬೇಡ. 30 ಮೀಟರ್ ದೂರದಿಂದಲೇ ಕಾಣುವಂತೆ ಕೆಂಪು-ಬಿಳಿ ಪ್ರತಿಫಲನ ಪಟ್ಟಿ ಅಂಟಿಸಿ.

ಗೇಟ್ ಸೋಲುವುದು ಹೆಚ್ಚಾಗಿ ಪಕ್ಕದಲ್ಲಿ. ಬೈಕಿಗೆ ಮೂರು ಅಡಿ ಸಂದು ಸಾಕು. ಅಲ್ಲಿ ಮೂರನೇ ಒಂದು ಭಾಗ ಹೂತ ದೊಡ್ಡ ಬಂಡೆಗಳು, ನಡುವೆ ಕತ್ತಾಳೆ ಇರಲಿ. ಮಣ್ಣಿನ ದಿಬ್ಬ ಹಾಕಬೇಡಿ, ಅದು ಅವರಿಗೆ ಹಾರುಹಲಗೆ. ಕದಂಗದಂಥ (ಕೊಡಗಿನ ಹಳೆಯ ಕಂದಕ) ಹೊಸ ಗುಂಡಿಯೂ ಬೇಡ, ಆನೆಮರಿ ಬೀಳುತ್ತದೆ. ಆನೆ ದಾಟುವ ಜಾಗದಲ್ಲಿ ಕಬ್ಬಿಣದ ಗೇಟಿಗೆ ದುಡ್ಡು ಸುರಿಯುವ ಬದಲು ಬಿದಿರಿನ ಉಣುಗೋಲು (ಸರಿಸಬಹುದಾದ ಅಡ್ಡಗಳುಗಳ ಬಾಗಿಲು) ಹಾಕಿ. ಮುರಿದರೆ ಮರುದಿನ ಬೇರೆ ಬಿದಿರು.

ಆದರೆ ಮುಚ್ಚುವ ಮೊದಲು ಗ್ರಾಮ ನಕಾಶೆ ನೋಡಿ. ನಕಾಶೆ ಕಂಡ ದಾರಿಯನ್ನು ಮುಚ್ಚುವಂತಿಲ್ಲ. ನೆರೆಯವರು 20 ವರ್ಷ ತಡೆಯಿಲ್ಲದೆ, ಹಕ್ಕಿನಿಂದ ಬಳಸಿದ ದಾರಿಗೆ 1882ರ ಈಸ್‌ಮೆಂಟ್ (ಇನ್ನೊಬ್ಬರ ಜಾಗ ಬಳಸುವ ಹಕ್ಕು) ಕಾಯ್ದೆಯ ರಕ್ಷಣೆ ಸಿಗಬಹುದು. ಎರಡೂ ತುದಿಗೆ ಕನ್ನಡ, ಇಂಗ್ಲಿಷ್ ಫಲಕ ಹಾಕಿ ಫೋಟೊ ಇಟ್ಟುಕೊಳ್ಳಿ. ಭಾರತೀಯ ನ್ಯಾಯ ಸಂಹಿತೆಯ ಕಲಂ 329(3) ಅತಿಕ್ರಮ ಪ್ರವೇಶಕ್ಕೆ ಮೂರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ಹೇಳುತ್ತದೆ; ಆದರೆ ದುರುದ್ದೇಶ ತೋರಿಸಬೇಕು. ಫಲಕ ಕಂಡೂ ನುಗ್ಗಿದ ಚಿತ್ರವಿದ್ದರೆ ದೂರಿಗೆ ಬಲ ಬರುತ್ತದೆ. ಕ್ಯಾಮೆರಾವನ್ನು ಬೈಕ್ ನಿಧಾನವಾಗುವ ಗೇಟಿನ ಬಳಿ, ಹಿಂದಿನ ನಂಬರ್ ಪ್ಲೇಟ್ ಸಿಗುವಂತೆ ಓರೆಯಾಗಿ ಕಟ್ಟಿ. ನೇರ ಹಿಡಿದರೆ ರಾತ್ರಿ ಪ್ಲೇಟ್ ಬಿಳಿಚಿಕೊಳ್ಳುತ್ತದೆ.

ಯಾರು ಬೇಕಾದರೂ ತಿದ್ದಬಹುದಾದ ಆನ್‌ಲೈನ್ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ನಿಮ್ಮ ದಾರಿಯಿದ್ದರೆ ಅಳಿಸಬೇಡಿ, ‘ಖಾಸಗಿ’ ಎಂದು ಗುರುತಿಸಿ. ಅಳಿಸಿದ್ದನ್ನು ಉಪಗ್ರಹ ಚಿತ್ರ ನೋಡಿ ಇನ್ನೊಬ್ಬರು ಮತ್ತೆ ಬರೆಯುತ್ತಾರೆ.

ಚಕ್ರ ಕೊರೆದ ಗೆರೆಗಳನ್ನು ಮೇ ಮುಗಿಯುವುದರೊಳಗೆ ಮುಚ್ಚಿ ದಮ್ಮಸ್ ಮಾಡಿ. ಬಿಟ್ಟರೆ ಜೂನ್ ಮಳೆಗೆ ಅದೇ ತೋಡಾಗುತ್ತದೆ. ಗೇಟಿನ ಒಳಗೆ, ಕಡಿದಾದಲ್ಲಿ 10–15 ಮೀಟರಿಗೊಂದು ಕಲ್ಲಿನ ಸಾಲನ್ನು ದಾರಿಗೆ ಓರೆಯಾಗಿ ಹೂತು, ನೀರನ್ನು ಗಿಡದ ಬುಡಕ್ಕಲ್ಲ, ಹುಲ್ಲಿನ ಕಡೆಗೆ ತಿರುಗಿಸಿ.